ಖಂಡೇನವಮಿಯ ಅಪ್ಡೇಟ್

ನಮ್ಮ ನಾಸಿಕ್ ಆಫೀಸಿನ ಸಾಹೇಬರು ಬೀದರ ಕಡೆಯವರು. ನನ್ನ ತಂದೆತಾಯಿ ಕಲಬುರಗಿಯವರು ಎಂದು ತಿಳಿದ ದಿನದಿಂದ ನನ್ನನ್ನು ತಂಗಿ ಎನ್ನುತ್ತಿದ್ದರು. ಹಾಗೆ ಕರೆಸಿಕೊಂಡವಳಿಗೆ ಕೆಲಸ ಹೆಚ್ಚು, ಮಾತು ಕಡಿಮೆ ಎಂಬುದು ತಡವಾಗಿ ತಿಳಿಯಿತು.

ಸಂಭಾಜಿನಗರದ ಒಂದು ಕಾರ್ಖಾನೆಗೆ ನಾವು ಬೇರಿಂಗ್ ಅಳೆಯುವ ಯಂತ್ರ ಕೊಟ್ಟಿದ್ದೆವು. ಅದರ ಲಿನಕ್ಸ್ ಕಂಪ್ಯೂಟರಿಗೆ ಸೆನ್ಸರಿನ ಅಳತೆ ಮುಟ್ಟಿಸುವ ಡ್ರೈವರ್ ನಡುನಡುವೆ ಲೆಕ್ಕ ತಪ್ಪುತ್ತಿತ್ತು. ನಾನು ಅದನ್ನು ತಿದ್ದಿದೆ. ಆದರೆ ಇಂಥ ಡ್ರೈವರ್ ಮಾಡ್ಯೂಲ್ ಒಬ್ಬಳ ಅಳತೆಗೆ ಹೊಲಿದ ಕುಪ್ಪಸವಿದ್ದಂತೆ, ಲಿನಕ್ಸಿನ ತಿರುಳಾದ ಕರ್ನೆಲಿನ ಯಾವ ಆವೃತ್ತಿಗೆ ಕಟ್ಟಿದೆಯೋ ಅದಕ್ಕೇ ಕೂರುತ್ತದೆ. ಹಾಗಾಗಿ ಮೂಲ ಕೋಡನ್ನೇ ಪ್ಯಾಕೇಜ್ ಮಾಡಿದ್ದೆ: ಕರ್ನೆಲ್ ಬದಲಾದಾಗಲೆಲ್ಲ ಮಾಡ್ಯೂಲ್ ಅಲ್ಲೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಬಟ್ಟೆಯ ಜೊತೆ ದರ್ಜಿಯನ್ನೂ ಕಳಿಸಿದ ಹಾಗೆ.

ಸಾಹೇಬರಿಗೆ ಅಷ್ಟು ತಾಳ್ಮೆ ಇರಲಿಲ್ಲ. "ಕಟ್ಟಿದ ಫೈಲ್ ಪೆನ್ ಡ್ರೈವಿನ್ಯಾಗ ಹಾಕಿ ಕೊಡು ತಂಗಿ, ಮುಗೀತು."

"ಖಂಡೇನವಮಿಗೆ ಅವರು ಎಲ್ಲಾ ಕಂಪ್ಯೂಟರ್ ಅಪ್ಡೇಟ್ ಮಾಡ್ತಾರ್ರಿ ಸರ್, ಕರ್ನೆಲ್ಲೂ ಬದಲಾಗ್ತದ. ಅವತ್ತೊಂದೇ ದಿನ ಮಷೀನ್ ನಿಂತಿರ್ತಾವ."

"ಆಯುಧಪೂಜಾ ಕುಂಕುಮದಿಂದ ಮಾಡ್ತಾರ, ಅಪ್ಡೇಟದಿಂದಲ್ಲ" ಎಂದು ನಕ್ಕರು. ಕಟ್ಟಿದ ಫೈಲನ್ನೇ ಪೆನ್ ಡ್ರೈವಿನಲ್ಲಿ ಹಾಕಿ ಕೊಟ್ಟೆ.

ಕಾರ್ಖಾನೆಯವರು ಎರಡರಿಂದಲೂ ಮಾಡಿದರು. ದಸರಾ ಮುಗಿಸಿ ಯಂತ್ರ ಚಾಲೂ ಮಾಡಿದರೆ ಹೊಸ ಕರ್ನೆಲ್ ನನ್ನ ಮಾಡ್ಯೂಲನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಉತ್ಪಾದನೆಯ ಲೈನ್ ನಿಂತಿತು. ಸಾಹೇಬರೂ ನಾನೂ ಕಾರಿನಲ್ಲಿ ಹೊರಟೆವು.

ಕಾರ್ಖಾನೆಯ ಮ್ಯಾನೇಜರ್ ಕೆಂಡವಾಗಿದ್ದರು. ತಪ್ಪು ಯಾರದು ಎಂದು ಕೇಳಿದರು. ಸಾಹೇಬರು ನನ್ನತ್ತ ಕೈ ತೋರಿಸಿ ಮರಾಠಿಯಲ್ಲಿ, "ನವೀನ್ ಮುಲ್ಗೀ ಆಹೇ, ಚುಕಲಂ ತಿಚಂ" ಎಂದರು. ಹೊಸ ಹುಡುಗಿಯಂತೆ, ಅವಳದೇ ತಪ್ಪಂತೆ. ನಾಲ್ಕು ವರ್ಷದಿಂದ ಕೆಲಸದಲ್ಲಿದ್ದ ಹೊಸ ಹುಡುಗಿ ನಾನು. ಇನ್ನು ಮುಂದೆ ಇವಳನ್ನು ನಮ್ಮ ಯಂತ್ರ ಮುಟ್ಟಲು ಬಿಡಬೇಡಿ ಎಂದರು ಮ್ಯಾನೇಜರ್. ಸಾಹೇಬರು ತಲೆಯಾಡಿಸಿದರು.

ಆದರೂ ಅವತ್ತು ಮುಟ್ಟಬೇಕಾದವಳು ನಾನೇ, ಬೇರೆ ಯಾರಿಗೂ ಬರುತ್ತಿರಲಿಲ್ಲ. ಸಾಹೇಬರು ಬೇಡವೆಂದಿದ್ದ ಪ್ಯಾಕೇಜನ್ನೇ ಹಾಕಿದೆ. ಮಾಡ್ಯೂಲ್ ತಾನೇ ಕಟ್ಟಿಕೊಂಡಿತು, ಪರದೆಯ ಮೇಲೆ ಅಳತೆ ಬಂತು. ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದಾಗ ಸಾಹೇಬರು ಬಗ್ಗಿ ಕನ್ನಡದಲ್ಲಿ ಅಂದರು: "ನೀ ಹೇಳಿದ್ದೇ ಖರೇ ಆತು ತಂಗಿ. ಮನಸಿಗೆ ಹಚ್ಕೋಬ್ಯಾಡ, ನಾವು ಒಂದೇ ಮನಿಯೋರಲ್ಲೇನು?"

"ಇದನ್ನೇ ಮರಾಠಿಯೊಳಗ ಹೇಳ್ರಿ ಸರ್."

ಅವರು ನಕ್ಕು ಮ್ಯಾನೇಜರರತ್ತ ತಿರುಗಿ, ಹುಡುಗಿಗೆ ಚಹಾ ಬೇಕಂತೆ ಎಂದು ಮರಾಠಿಯಲ್ಲಿ ಹೇಳಿದರು.

ನಾಸಿಕ್ ರೋಡಿನ ಶಾಲೆಯಲ್ಲಿ ಕಲಿತವಳು ನಾನು, ನನ್ನ ಮರಾಠಿ ಅವರದಕ್ಕಿಂತ ಚೆನ್ನಾಗಿದೆ. ತಪ್ಪು ಯಾರದೆಂದು ಮ್ಯಾನೇಜರರಿಗೆ ಹೇಳಲು ಒಂದೇ ವಾಕ್ಯ ಸಾಕಿತ್ತು. ಆದರೆ ನಮ್ಮವರ ಮಾನ ಪರರ ಮುಂದೆ ತೆಗೆಯಬಾರದೆಂದು ಮನೆಯಲ್ಲಿ ಹೇಳಿಕೊಟ್ಟಿದ್ದರು, ಮತ್ತು ಅದು ಸಾಹೇಬರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಚಹಾ ಬಂತು. ಕುಡಿದೆ.