ಮೂಗಿನಿಂದ ಬಂದ ಕಾಫಿ

ಮೊದಲು ಕೈಕೊಟ್ಟಿದ್ದು ದನಿ.

ನಾನು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಮದರಾಸು, ಬೆಂಗಳೂರು, ಬೊಂಬಾಯಿ ಎಂದು ಊರೂರಿಗೆ ಲೈನು ಕೊಡುವ ಕೆಲಸ. ಶಿಫ್ಟು ಶುರುವಾದಾಗ ಸರಿಯಾಗಿಯೇ ಇರುತ್ತಿದ್ದ ದನಿ ಸಂಜೆಯಾಗುತ್ತ ಮೂಗಿಗೆ ಏರುತ್ತಿತ್ತು. ಮಾತಿನ ಕೊನೆ ಕೇಳಿಸದೆ ಹೋಗುತ್ತಿತ್ತು. ನೆಗಡಿ ಅಂದುಕೊಂಡೆ. ಒಂದು ದಿನ ಆ ಕಡೆಯಿಂದ ಯಾರೋ ಗಂಡಸು, "ಏನಮ್ಮಾ, ಕುಡ್ದಿದ್ದೀಯಾ?" ಎಂದ. ಲೈನನ್ನು ಪಕ್ಕದ ಬೋರ್ಡಿನವಳಿಗೆ ಒಪ್ಪಿಸಿ ಎದ್ದುಹೋದೆ. ಕನ್ನಡಿಯಲ್ಲಿ ನೋಡಿಕೊಂಡರೆ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಎತ್ತಲು ನೋಡಿದೆ. ಏಳಲಿಲ್ಲ.

ಅಪ್ಪ ಅವ್ವ ಇಲ್ಲ. ನಜರ್‌ಬಾದಿನಲ್ಲಿ ಅಣ್ಣ ಅತ್ತಿಗೆಯ ಜೊತೆ ನನ್ನ ವಾಸ. ಅಣ್ಣ ಕರೆದುಕೊಂಡು ಹೋದ ಡಾಕ್ಟರು ನನ್ನ ನಾಡಿ ಹಿಡಿದರು, ವಯಸ್ಸು ಕೇಳಿದರು. ಮದುವೆಯಾಗಿಲ್ಲವೆಂದು ತಿಳಿದ ಮೇಲೆ ನನ್ನನ್ನು ನೋಡುವುದನ್ನೇ ಬಿಟ್ಟು ಅಣ್ಣನ ಕಡೆ ತಿರುಗಿದರು.

"ಹಿಸ್ಟೀರಿಯಾ ಕಣ್ರೀ. ಒಂದು ಗಂಡು ನೋಡಿ ಮದುವೆ ಮಾಡ್ಬುಡಿ, ಎಲ್ಲಾ ಸರಿಹೋಗುತ್ತೆ."

ಅವರ ಬಾಯಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಇವತ್ತಿಗೂ ಆ ವಾಸನೆ ಬಂದರೆ ನಾನು ಎದ್ದು ಆಚೆ ಹೋಗುತ್ತೇನೆ.

ಅದಾದ ಕೆಲವೇ ದಿನಕ್ಕೆ, ಸಂಜೆ ಅತ್ತಿಗೆಯ ಎದುರು ಕೂತು ಕಾಫಿ ಕುಡಿಯುತ್ತಿದ್ದೆ. ಗುಟುಕು ಗಂಟಲಿಗೆ ಇಳಿಯಲಿಲ್ಲ.

ಮೂಗಿನಿಂದ ಬಂತು.

ಬಿಸಿ ಕಾಫಿ, ಸಿಂಬಳದ ಜೊತೆ, ಎರಡೂ ಹೊಳ್ಳೆಯಿಂದ ಸೀರೆಯ ಮೇಲೆ. ಅತ್ತಿಗೆ "ಅಯ್ಯೋ!" ಎಂದು ತಮ್ಮ ಲೋಟ ಎತ್ತಿಕೊಂಡು ಹಿಂದೆ ಸರಿದರು. ಅದು ತಪ್ಪಲ್ಲ. ಅವರ ಜಾಗದಲ್ಲಿ ನಾನಿದ್ದರೂ ಸರಿಯುತ್ತಿದ್ದೆ.

ಅಲ್ಲಿಂದಾಚೆಗೆ ಊಟವೆನ್ನುವುದು ಹೇಸಿಗೆಯ ಕೆಲಸವಾಯಿತು. ಅಗಿಯುತ್ತ ಅಗಿಯುತ್ತ ದವಡೆ ಸೋತು ನಿಂತುಬಿಡುತ್ತಿತ್ತು. ಗದ್ದವನ್ನು ಕೈಯಿಂದ ಎತ್ತಿ ಬಾಯಿ ಮುಚ್ಚಿಕೊಳ್ಳಬೇಕು. ಜೊಲ್ಲು ಕಟವಾಯಿಯಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಮುದ್ದೆ ನುಂಗುವುದಂತೂ ಸಾಧ್ಯವೇ ಇರಲಿಲ್ಲ. ಅತ್ತಿಗೆ ಹಿತ್ತಲ ಬಾಗಿಲ ಹತ್ತಿರ ಮಣೆ ಹಾಕಿದರು. "ನಿಂಗೇ ಆರಾಮು ಕಣಮ್ಮ, ಅಲ್ಲಾದ್ರೆ ಯಾರೂ ನೋಡಲ್ಲ" ಎಂದು ನಗುತ್ತ ಹೇಳಿದರು. ಅಣ್ಣ ಕೇಳಿಸದವನ ಹಾಗೆ ಪೇಪರು ಓದುತ್ತಿದ್ದ. ಅವರಿಬ್ಬರ ಮೇಲೂ ಅಸಹ್ಯ ಹುಟ್ಟಿತು. ಅದಕ್ಕಿಂತ ಹೆಚ್ಚಾಗಿ ನನ್ನ ಬಾಯಿಯ ಮೇಲೆ.

ಸುದ್ದಿ ತಿಳಿದು ಬನ್ನೂರು ಕಡೆಯ ಹಳ್ಳಿಯಿಂದ ನನ್ನ ಅಕ್ಕ ನಿಂಗಮ್ಮ ಬಂದಳು. ನಾನು ಉಣ್ಣುವುದನ್ನು ಒಮ್ಮೆ ನೋಡಿದಳು, ಅಷ್ಟೇ. "ಇದು ಗಂಡು ನೋಡಿದ್ರೆ ಓಗೋ ಕಾಯ್ಲೆನಾ? ಏಳು, ಆಸ್ಪತ್ರೆಗೆ ಓಗವ" ಎಂದು ಹೊರಡಿಸಿದಳು.

ಅಲ್ಲಿ ಸಿಕ್ಕವರು ವಯಸ್ಸಿನಲ್ಲಿ ಚಿಕ್ಕ ಡಾಕ್ಟರು. ಸೂರು ನೋಡುತ್ತ ಇರಿ ಎಂದರು. ರೆಪ್ಪೆ ತಾನಾಗಿ ಕುಸಿಯಿತು. ಒಂದರಿಂದ ಎಣಿಸಿ ಎಂದರು. ಎಣಿಸುತ್ತ ಹೋದಂತೆ ದನಿ ಅಡಗಿತು. ಪ್ರಾಸ್ಟಿಗ್ಮಿನ್ ಎಂಬ ಇಂಜೆಕ್ಷನ್ ಕೊಟ್ಟು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾದರು. ಸ್ವಲ್ಪ ಹೊತ್ತಿಗೆ ರೆಪ್ಪೆ ಎದ್ದಿತು. "ಅಕ್ಕಾ" ಎಂದೆ. ನನ್ನದೇ ದನಿ! ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

"ಇದು ನಾಟಕ ಅಲ್ಲಮ್ಮ," ಎಂದರು ಡಾಕ್ಟರು. "ಮಯಸ್ತೀನಿಯಾ ಅಂತ ಕಾಯಿಲೆ. ನರದ ಅಪ್ಪಣೆ ಸ್ನಾಯುವಿಗೆ ಸರಿಯಾಗಿ ಮುಟ್ಟೋದಿಲ್ಲ."

ವಾರ್ಡಿನಲ್ಲಿ ಸೇರಿಸಿಕೊಂಡರು. ಮಾತ್ರೆ ದನಿ ಮರಳಿಸಿತು, ಆದರೆ ಹೊಟ್ಟೆ ಕೆಡಿಸಿತು. ಕರುಳು ಹಿಂಡಿದಂತಾಗಿ, ಕಕ್ಕಸಿಗೆ ತಲುಪುವ ಮೊದಲೇ ಸೀರೆ ಹಾಳಾಗುತ್ತಿತ್ತು. ಅಕ್ಕ ಒಗೆದು ತಂದು ಹರಡುತ್ತಿದ್ದಳು. ನೋಡಲು ಬಂದವರೆಲ್ಲ "ಏನೂ ಪರವಾಗಿಲ್ಲ, ನಮಗೇನೂ ಬೇಜಾರಿಲ್ಲ" ಎನ್ನುತ್ತ ಮೂಗಿನ ಹತ್ತಿರ ಸೆರಗು ಹಿಡಿಯುತ್ತಿದ್ದರು. ಅವರ ಸುಳ್ಳು ನನ್ನ ಸೀರೆಗಿಂತ ಹೆಚ್ಚು ನಾರುತ್ತಿತ್ತು. ಕೊನೆಗೆ ಅಕ್ಕನನ್ನೇ ಕೇಳಿದೆ.

"ನಿಂಗೆ ಹೇಸಿಗೆ ಆಗಲ್ವಾ?"

"ಆಯ್ತದೆ ಕಣೇ," ಎಂದಳು, ಸೀರೆ ಹಿಂಡುತ್ತಲೇ. "ಈಗ್ಲೂ ವಾಕರಿಕೆ ಬಂತು. ಅದ್ಕೇನೀಗ? ವಾಕರಿಸ್ಕಂಡೇ ಒಗೀತೀನಿ ಬುಡು."

ಕಾಯಿಲೆ ಬಂದ ಮೇಲೆ ಅವತ್ತು ಮೊದಲ ಸಲ ನಕ್ಕೆ. ನಗಲು ಕೆನ್ನೆಯಲ್ಲಿ ಶಕ್ತಿ ಇರಲಿಲ್ಲ; ನೋಡಿದವರಿಗೆ ಹಲ್ಲು ಕಿರಿದ ಹಾಗೆ ಕಂಡಿರಬೇಕು.

ಎಕ್ಸ್‌ರೇಯಲ್ಲಿ ಎದೆಮೂಳೆಯ ಹಿಂದೆ ನೆರಳು ಕಾಣಿಸಿತು. ಥೈಮಸ್ ಎಂಬ ಗ್ರಂಥಿಯಂತೆ. ಎದೆ ಸೀಳಿ ತೆಗೆಯಬೇಕು ಎಂದರು. ಯಾಕೆ ಎಂದು ಕೇಳಿದೆ. ಚಿಕ್ಕ ಡಾಕ್ಟರು ಮಂಚದ ಪಕ್ಕ ಕೂತು ಹೇಳಿದರು.

"ಇದು ಯಾವ ಕೆಲಸಕ್ಕೂ ಬಾರದ್ದು ಅಂತಲೇ ನಾವು ಕಾಲೇಜಿನಲ್ಲಿ ಓದಿದ್ದು. ಈಗ ಬೇರೆ ಹೇಳ್ತಿದಾರೆ. ರೋಗದ ವಿರುದ್ಧ ಹೋರಾಡೋ ಬಿಳಿ ಕಣಗಳು ಇಲ್ಲಿ ಬೆಳೀತವಂತೆ. ಅವುಗಳಲ್ಲಿ ನಮ್ಮ ಮೈಯನ್ನೇ ಶತ್ರು ಅಂದ್ಕೊಳ್ಳೋವು ಇರ್ತವಲ್ಲ, ಅವನ್ನ ಹೊರಗೆ ಬಿಡದೆ ಇಲ್ಲೇ ಸಾಯಿಸುತ್ತಂತೆ. ಹುಟ್ಟಿದ್ದರಲ್ಲಿ ಬಹುಪಾಲು ಇಲ್ಲೇ ಸಾಯ್ತವೆ ಅಂತ ಊಹೆ."

"ನನ್ನಲ್ಲಿ?"

"ಸಾಯಬೇಕಾಗಿದ್ದವು ಕೆಲವು ತಪ್ಪಿಸಿಕೊಂಡು ಹೊರಗೆ ಬಂದಿರಬಹುದು. ನಿಮ್ಮ ಸ್ನಾಯುವಿನ ಮೇಲೇ ಬಿದ್ದಿರಬಹುದು. ಬಹುದು ಅಷ್ಟೇ ಕಣಮ್ಮ, ಖಂಡಿತ ಯಾರಿಗೂ ಗೊತ್ತಿಲ್ಲ."

"ಗ್ರಂಥಿ ತೆಗೆದರೆ ಅವೂ ಹೋಗ್ತವಾ?"

"ಇಲ್ಲ. ಹೊರಗೆ ಬಂದವು ರಕ್ತದಲ್ಲಿ ಇದ್ದೇ ಇರ್ತವೆ. ಹೊಸದಾಗಿ ಬರೋದು ನಿಲ್ಲಬಹುದು."

ಸಮಾಧಾನವಾಗಬೇಕಿತ್ತು. ಬದಲಿಗೆ ಹೇಸಿಗೆಯಾಯಿತು. ದಿನಾ ಮಿಂದು, ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಡ್ಯೂಟಿಗೆ ಹೋಗುತ್ತಿದ್ದ ನನ್ನ ಎದೆಯೊಳಗೆ ಹುಟ್ಟಿದಂದಿನಿಂದ ಹುಟ್ಟಿಸುವುದು, ಪರೀಕ್ಷಿಸುವುದು, ಕೊಲ್ಲುವುದು ನಡೆದೇ ಇತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಆರೋಗ್ಯವೆಂದರೆ ಆ ಹೆಣಗಳ ರಾಶಿ. ಕಾಯಿಲೆಯೆಂದರೆ ಅದರಿಂದ ಎದ್ದು ಬಂದ ಕೆಲವು. ಅವುಗಳ ಮೇಲೆ ಸಿಟ್ಟು ಮಾಡಲೂ ಆಗದು. ಅವೂ ನನ್ನವೇ.

ಕ್ಷಯರೋಗಿಗಳ ಎದೆ ಕೊಯ್ದು ಕೈ ಪಳಗಿದ್ದ ಸರ್ಜನ್ ಒಬ್ಬರು ಆಪರೇಷನ್ ಮಾಡಿದರು. ಎಚ್ಚರವಾದಾಗ ಎದೆಯ ಮೇಲೆ ಬೀಸುಗಲ್ಲು ಇಟ್ಟ ಹಾಗಿತ್ತು. ಕೆಮ್ಮಲು ಶಕ್ತಿಯಿಲ್ಲ. ನರ್ಸು ಗಂಟಲಿಗೆ ರಬ್ಬರ್ ನಳಿಕೆ ಇಳಿಸಿ ಕಫ ಎಳೆಯುತ್ತಿದ್ದರು. ಅದು ಗಾಜಿನ ಬಾಟಲಿಯಲ್ಲಿ ಹಳದಿಯಾಗಿ ತುಂಬುವುದು ನನ್ನ ಕಣ್ಣೆದುರಿಗೇ ಕಾಣುತ್ತಿತ್ತು. ನಾನು ನೋಡಲೇಬೇಕೆಂದು ಹಟ ಹಿಡಿದಿದ್ದರಿಂದ, ಸ್ವಲ್ಪ ಚೇತರಿಸಿಕೊಂಡ ಮೇಲೆ ತೆಗೆದ ಗ್ರಂಥಿಯನ್ನೂ ಸೀಸೆಯಲ್ಲಿ ತಂದು ತೋರಿಸಿದರು. ಬೂದು ಬಣ್ಣಕ್ಕೆ ತಿರುಗಿದ ಕೊಬ್ಬಿನ ಮುದ್ದೆ. ಅಕ್ಕ ಬಗ್ಗಿ ನೋಡಿ, "ಥೂ, ಕುರಿ ಕೊಯ್ದಾಗ ನಾಯಿಗೆ ಎಸೀತಾರಲ್ಲ, ಅಂಗೇ ಅದೆ" ಎಂದಳು. ಡಾಕ್ಟರಿಗೂ ನಗು ಬಂತು.

ಗುಣವಾಗಲಿಲ್ಲ.

ಒಂದೇ ಸಲಕ್ಕೆ ಆಗುವುದೂ ಇಲ್ಲವಂತೆ. ತಿಂಗಳುಗಟ್ಟಲೆ ಕಾದ ಮೇಲೆ ಮಾತ್ರೆ ಅರ್ಧಕ್ಕೆ ಇಳಿದಿದೆ. ಹೊಟ್ಟೆ ಕೆಡುವುದು ನಿಂತಿದೆ. ಎಕ್ಸ್‌ಚೇಂಜಿನವರು ಬೆಳಗಿನ ಶಿಫ್ಟು ಕೊಟ್ಟಿದ್ದಾರೆ. ದನಿ ಅಷ್ಟು ಹೊತ್ತು ತಡೆಯುತ್ತದೆ. ಎದೆಯ ನಡುವೆ ಜರಿಹುಳುವಿನಂಥ ಹೊಲಿಗೆಯ ಗುರುತಿದೆ. ಮುಟ್ಟಲು ಈಗಲೂ ಮನಸ್ಸಾಗುವುದಿಲ್ಲ. ಸೋಪು ಹಚ್ಚುವಾಗ ಮಾತ್ರ ಕಣ್ಣು ಮುಚ್ಚಿ ಮುಟ್ಟುತ್ತೇನೆ.

ಹೋದ ಭಾನುವಾರ ಅಕ್ಕ ಬಂದಿದ್ದಳು. ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅಣ್ಣ ಉಂಡು ಎದ್ದು ಹೋದ. ಅತ್ತಿಗೆ ಪಾತ್ರೆ ಎತ್ತಿಟ್ಟು ಬಂದರು. ನನ್ನ ಅನ್ನ ಇನ್ನೂ ಹಾಗೇ ಇತ್ತು. ಅಕ್ಕ ಮಾತ್ರ ಎಂಜಲು ಕೈ ತೊಳೆಯದೆ ಪಕ್ಕದಲ್ಲೇ ಕೂತಿದ್ದಳು. ಸಾರು ಅವಳ ಬೆರಳ ಸಂದಿಯಲ್ಲಿ ಒಣಗಿ ಬಿರಿಯುತ್ತಿತ್ತು.

"ನೀನು ಏಳಕ್ಕಾ," ಎಂದೆ.

"ಉಣ್ಣೋರ್ನ ಬುಟ್ಬುಟ್ಟು ಎಂಗೆ ಏಳದು? ನಿಧಾನಕ್ಕೆ ಉಣ್ಣು," ಎಂದಳು.

ಒಂದು ತುತ್ತು ಬಾಯಿಗಿಟ್ಟು, ಅಗಿದು, ಕಾದು, ನುಂಗಿದೆ. ಇಳಿಯಿತು. ಇನ್ನೊಂದು ಕಲಸಿದೆ.