ಬರೆಯದೇ ಬಿಟ್ಟ ಹಾಸ್ಯದ ಮಾತು

ಆಗ ನಾಟಕ ಕಂಪನಿಯ ಕ್ಯಾಂಪು ನಿಪ್ಪಾಣಿಯಲ್ಲಿತ್ತು. ಇಪ್ಪತ್ತು ವರ್ಷ ಹಾಸ್ಯದ ಆಳಿನ ಪಾತ್ರವನ್ನೇ ಮಾಡಿದ್ದ ನನ್ನ ಗಂಡ ಒಂದು ದಿನ ಬೆಳಿಗ್ಗೆ ಎಂದಿನಂತೆ ಚಹಾದಂಗಡಿಗೆ ಹೊರಟರು. ಅಲ್ಲಿ ಕೇಳಿದ ಊರ ಸುದ್ದಿಯನ್ನೇ ಸಂಜೆಯ ಆಟದಲ್ಲಿ ಹಾಸ್ಯ ಮಾಡುವುದು ಅವರ ಪದ್ಧತಿ.

“ಮಂದೀನ ನಗಸ್ತೀರಿ, ಮನಿಗೆ ಸಕ್ರಿ ತರೂದು ಮರೀತೀರಿ,” ಎಂದೆ.

“ತಡಿ, ಇವತ್ತ ಇದನ್ನ ಹೇಳ್ತೀನಿ,” ಎಂದರು.

ಹೇಳಿದರಂತೆ, ಜನ ಬಹಳ ನಕ್ಕರಂತೆ. ನಾನು ಆಟಕ್ಕೆ ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ಎದೆನೋವು ಬಂದು ತೀರಿಕೊಂಡರು.

ಮುಂದೆ ಅಥಣಿಯಲ್ಲಿ ಕಂಪನಿ ಮುಚ್ಚಿದಾಗ ಮಾಲೀಕರು ಅಂದು ಆಡಿದ ನಾಟಕದ ಹಸ್ತಪ್ರತಿಯನ್ನು ನನಗೆ ಕೊಟ್ಟರು. ಉಳಿದವರ ಮಾತೆಲ್ಲ ಅದರಲ್ಲಿದೆ. ಇವರ ಪಾತ್ರಕ್ಕೆ ‘ಆಳು ಬಂದು ನಗಿಸುವನು’ ಎಂದಷ್ಟೇ ಬರೆದಿದೆ. ಜೊತೆಯ ನಟರನ್ನು ಕೇಳಿ ಕೇಳಿ ದಣಿದೆ, ಯಾರಿಗೂ ನೆನಪಿಲ್ಲ. ಅಂದು ಅವರು ಸಕ್ಕರೆಯ ಬಗ್ಗೆ ಏನು ಹೇಳಿದರೆಂದು ನನಗೆ ಇನ್ನೂ ಗೊತ್ತಿಲ್ಲ.