ಮೇಡಂ ಆರಿಸಿದ ಮೋಟಾರು

ನಮ್ಮ ಮನೆಗೆ ಯಾವ ಮೋಟಾರು ಬಂದರೂ ಅದು ಮೊದಲು ನನ್ನ ಕೈಗೆ ಬರಬೇಕು. ಯಾರೂ ಮಾಡಿದ ಕಾಯಿದೆಯಲ್ಲ, ಮದುವೆಯಾದ ವರ್ಷದಿಂದ ಹಾಗೇ ನಡೆದುಬಂದಿದೆ. ರೋಣದಲ್ಲಿ ನಮ್ಮ ತಂದೆಯದು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ಸುಟ್ಟ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದನ್ನು ನಾನು ಶಾಲೆಗೆ ಹೋಗುವಾಗಲೇ ಕಲಿತೆ. ಈಗ ಅಂಗಡಿ ನನ್ನದು. ಸುತ್ತಲಿನ ಯಾವಗಲ್, ಅಸೂಟಿ ಹಳ್ಳಿಗಳವರು ಟ್ರ್ಯಾಕ್ಟರಿನಲ್ಲಿ ಮೋಟಾರು ಹೇರಿಕೊಂಡು ಬಂದರೆ ಕೆಳಗಿಳಿಸುವ ಮೊದಲೇ "ಅಕ್ಕಾರ, ಒಮ್ಮಿ ಬೆರಳ ಹಚ್ಚಿ ನೋಡ್ರಿ" ಎನ್ನುತ್ತಾರೆ. ಶಾಫ್ಟನ್ನು ಹೆಬ್ಬೆರಳು ಮತ್ತು ಉಂಗುರಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ ನಿಧಾನ ತಿರುಗಿಸಿದರೆ ಸಾಕು, ಬೇರಿಂಗಿನೊಳಗೆ ಉಸುಕಿನ ಒಂದು ಹರಳಿದ್ದರೂ ನನಗೆ ತಿಳಿಯುತ್ತದೆ.

ಆ ಹೊತ್ತಿಗೆ ತಲೆಯ ಮೇಲೆ ಫ್ಯಾನು ತಿರುಗುತ್ತಿರಬಾರದು. ಅದರ ಸದ್ದಿಗೆ ನನ್ನ ಗಮನ ಕೆಡುತ್ತದೆ. ನಮ್ಮ ಯಜಮಾನರು ಹೇಳಿಸಿಕೊಳ್ಳದೆ ಎದ್ದು ಹೋಗಿ ಫ್ಯಾನು ಬಂದ್ ಮಾಡುತ್ತಾರೆ. ಏಪ್ರಿಲ್ ತಿಂಗಳಲ್ಲಿ ಬನಿಯನ್ನು ತೊಯ್ದು ಮೈಗೆ ಅಂಟಿಕೊಂಡಿದ್ದರೂ ಮಾಡುತ್ತಾರೆ. ಆಮೇಲೆ ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಾ ಕೂರುತ್ತಾರೆ. ಅವರು ಮಲ್ಲಿಗೆ ತಂದುಕೊಡುವ ಗಂಡನಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಪಾಲಿಗೆ ಆ ಫ್ಯಾನು ಬಂದ್ ಮಾಡುವುದೇ ಮಲ್ಲಿಗೆ.

ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರಿಗೊಂದು ಹುಚ್ಚು ಇದೆ, ರಿಮೋಟಿನ ಹೆಲಿಕಾಪ್ಟರಿನ ಹುಚ್ಚು. ಆಟಿಕೆ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ, ಅದರ ರೆಕ್ಕೆಗಳು ಐದು ಅಡಿ ಅಗಲಕ್ಕೆ ತಿರುಗುತ್ತವೆ, ಎದುರಿಗೆ ನಿಂತರೆ ಸೆರಗು ಹಾರಿಹೋಗುತ್ತದೆ. ಮೊದಲು ಅದಕ್ಕೊಂದು ಪುಟ್ಟ ಎಂಜಿನ್ ಇತ್ತು. ಹೊಗೆ ಉಗುಳಿ ಉಗುಳಿ ಒಂದು ದಿನ ಅದು ಜಾಮ್ ಆಗಿ ಕೂತಿತು. ಇನ್ನು ಎಂಜಿನ್ನಿನ ಸಹವಾಸ ಸಾಕು, ಬ್ರಶ್‌ಲೆಸ್ ಮೋಟಾರು ಹಾಕುವುದು ಎಂದು ನಿಶ್ಚಯವಾಯಿತು. ಹೆಸರೇ ಹೇಳುವಂತೆ ಈ ಮೋಟಾರಿನಲ್ಲಿ ಕಾರ್ಬನ್ ಬ್ರಶ್ ಇರುವುದಿಲ್ಲ. ಒಳಗೆ ತಂತಿಯ ಸುತ್ತು, ಅದರ ಹೊರಗೆ ತಿರುಗುವ ಡಬ್ಬಿಗೆ ಅಂಟಿಸಿದ ಆಯಸ್ಕಾಂತ, ಅಷ್ಟೇ. ಮೋಟಾರಿನ ಮಾತು ಬಂತೆಂದರೆ ನನ್ನನ್ನು ಬಿಟ್ಟು ಇನ್ನು ಯಾರನ್ನು ಕೇಳುತ್ತಾರೆ ಎಂದು ನಾನು ಹಿಗ್ಗಿದ್ದೆ.

ಅಷ್ಟರಲ್ಲಿ ಮೇಡಂ ಬಂದರು.

ಆಕೆ ನರಗುಂದದ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವವರು. ರವಿವಾರ ಇವರು ಹೆಲಿಕಾಪ್ಟರು ಹಾರಿಸಲೆಂದು ಗಜೇಂದ್ರಗಡದ ಗುಡ್ಡದ ಮೇಲಿನ ಬಯಲಿಗೆ ಹೋಗುತ್ತಾರಲ್ಲ, ಅಲ್ಲಿ ಆಕೆಯೂ ತನ್ನದೊಂದು ಸಣ್ಣ ಹೆಲಿಕಾಪ್ಟರು ಹಾರಿಸುತ್ತಿದ್ದರಂತೆ. ಅಂದಿನಿಂದ ಮನೆಯಲ್ಲಿ ಒಂದೇ ಜಪ. ಊಟಕ್ಕೆ ಕೂತರೆ "ಮೇಡಂ ಹಿಂಗ ಹೇಳ್ಯಾರ", ಸ್ನಾನ ಮಾಡಿ ಬಂದರೆ "ಮೇಡಂ ಹಂಗ ಹೇಳ್ಯಾರ". ಒಂದು ದಿನ ನಾನೇ ಕೇಳಿದೆ: "ಪಲ್ಲೆಕ್ಕ ಉಪ್ಪ ಎಷ್ಟ ಹಾಕಬೇಕಂತ ಹೇಳ್ಯಾರೇನ್ರಿ ನಿಮ್ಮ ಮೇಡಂ?" ಅವರು ನಕ್ಕರು. ನಾನು ನಗಲಿಲ್ಲ.

ಒಂದು ಶನಿವಾರ ಆಕೆ ಮನೆಗೇ ಬಂದರು. ಸ್ಕೂಟಿ, ಹೆಲ್ಮೆಟ್, ನನಗಿಂತ ಹತ್ತು ವರ್ಷ ಚಿಕ್ಕ ವಯಸ್ಸು, ಬಾಯಿ ತುಂಬ ನಗು. ಇವರಿಬ್ಬರೂ ಪಡಸಾಲೆಯಲ್ಲಿ ಹೆಲಿಕಾಪ್ಟರನ್ನು ನಡುವೆ ಇಟ್ಟುಕೊಂಡು ಕೂತರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮೋಟಾರಿನ ಮಾತು ಹೊರಗೆ, ನಾನು ಒಳಗೆ! ನಮ್ಮ ಮನೆಯಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಆವತ್ತಿನ ರೊಟ್ಟಿ ಬಡಿದ ಸಪ್ಪಳ ಓಣಿಯ ತುದಿಯವರೆಗೆ ಕೇಳಿರಬೇಕು. ಊಟಕ್ಕೆ ಕೂತಾಗ ಮೇಡಂ, "ಅಕ್ಕಾರ, ರೊಟ್ಟಿ ಭಾಳ ಚಲೋ ಆಗ್ಯಾವ್ರಿ. ಇಷ್ಟ ತೆಳು ಹ್ಯಾಂಗ ಬಡೀತೀರಿ?" ಎಂದರು. ನನಗೆ ಮೈ ಉರಿಯಿತು. ಮೋಟಾರಿನ ಬಗ್ಗೆ ಕೇಳಬೇಕಾದವಳನ್ನು ರೊಟ್ಟಿಯ ಬಗ್ಗೆ ಕೇಳುತ್ತಾಳಲ್ಲ ಎಂದು.

ನಾನೂ ಸುಮ್ಮನೆ ಬಿಡಲಿಲ್ಲ. ಕೈ ತೊಳೆದು ಬಂದು ನನ್ನ ಅಭಿಪ್ರಾಯ ಹೇಳಿಯೇಬಿಟ್ಟೆ. ಇಷ್ಟು ಭಾರದ ರೆಕ್ಕೆ ಎಳೆಯುವುದಕ್ಕೆ ತಂತಿಯ ಸುತ್ತು ಹೆಚ್ಚಿರುವ ನಿಧಾನದ ಮೋಟಾರೇ ಬೇಕು, ಜೋರಾಗಿ ಓಡುವುದು ಬೇಗ ಸುಟ್ಟುಹೋಗುತ್ತದೆ ಎಂದೆ. ಫೋನಿನಲ್ಲಿ ಅಂಥದೊಂದನ್ನು ನಾನು ಆಗಲೇ ಆರಿಸಿ ಇಟ್ಟಿದ್ದೆ. ಮೇಡಂ ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದರು. ಒಂದು ವೋಲ್ಟಿಗೆ ಮೋಟಾರು ಎಷ್ಟು ಸುತ್ತು ತಿರುಗುತ್ತದೆ, ಬ್ಯಾಟರಿ ಎಷ್ಟು ವೋಲ್ಟು, ನಡುವಿನ ಹಲ್ಲಿನ ಚಕ್ರ ಅದನ್ನು ಎಷ್ಟು ಇಳಿಸುತ್ತದೆ, ಕೊನೆಗೆ ರೆಕ್ಕೆಗೆ ಎಷ್ಟು ಓಟ ಉಳಿಯುತ್ತದೆ.

"ನೀವು ಹೇಳೂದು ಪಂಪಿಗೆ ಖರೇ ಐತ್ರಿ ಅಕ್ಕಾರ. ಆದರ ನಿಮ್ಮ ಮೋಟಾರಿಗೆ ರೆಕ್ಕಿ ಓಟ ಕಡಿಮಿ ಬೀಳತೈತಿ. ರೋಣದಾಗ ಹಾರೀತು. ಗಜೇಂದ್ರಗಡದ ಗುಡ್ಡದ ಗಾಳಿಗೆ ಹಿಡಿತ ಸಿಗೂದಿಲ್ಲ" ಎಂದರು.

ಯಜಮಾನರು ನನ್ನ ಮುಖ ನೋಡಿದರು, ಆಕೆಯ ಹಾಳೆ ನೋಡಿದರು. ಮೇಡಂ ಹೋದ ಮೇಲೆ ನಾನು ಆ ಹಾಳೆಯನ್ನು ಅಂಗಡಿಗೆ ಒಯ್ದು, ಶಟರು ಅರ್ಧ ಇಳಿಸಿ ಕೂತು ಎರಡು ಸಲ ಲೆಕ್ಕ ಮಾಡಿದೆ. ಎಲ್ಲಾದರೂ ತಪ್ಪು ಸಿಗಲಿ ದೇವರೇ ಎಂದುಕೊಂಡೇ ಮಾಡಿದೆ. ಸಿಗಲಿಲ್ಲ. ಆಕೆ ಹೇಳಿದ್ದು ಸರಿಯಾಗಿಯೇ ಇತ್ತು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಬೇರೆ ತುಪ್ಪ ಬೇಕೆ?

ಎರಡು ವಾರ ಕಳೆದು ಮೋಟಾರು ಬಂತು, ಮೇಡಂ ಆರಿಸಿದ್ದೇ. ಆಕೆ ತನ್ನ ಹೆಸರಿಗೆ ತರಿಸಿ ಇವರ ಕೈಯಲ್ಲಿ ಕೊಟ್ಟು ಕಳಿಸಿದ್ದರು. "ಅಕ್ಕಾರ ಒಮ್ಮಿ ನೋಡಿ ಹೂಂ ಅಂದ್ರ ಕೂಡಸೋಣು" ಎಂದೂ ಹೇಳಿದ್ದರಂತೆ. ಯಜಮಾನರು ಡಬ್ಬಿ ಬಿಚ್ಚಿದರು. ತೆಂಗಿನಕಾಯಿಯ ಅರ್ಧ ಹೋಳಿನಷ್ಟು ದಪ್ಪ, ಕೈಯಲ್ಲಿ ಹಿಡಿದರೆ ಒಳ್ಳೇ ತೂಕ. ಅವರು ಎದ್ದು ಫ್ಯಾನು ಬಂದ್ ಮಾಡಿದರು. ನಾನು ಕಣ್ಣು ಮುಚ್ಚಿದೆ.

ಬ್ರಶ್‌ಲೆಸ್ ಮೋಟಾರನ್ನು ಬೆರಳಿನಿಂದ ತಿರುಗಿಸಿ ನೋಡುವುದು ಸುಲಭವಲ್ಲ. ಆಯಸ್ಕಾಂತ ಹೆಜ್ಜೆಹೆಜ್ಜೆಗೂ ಹಿಡಿದು ಬಿಡುತ್ತದೆ. ಉಳಿದವರಿಗೆ ಆ ತಡೆಯೊಂದೇ ತಿಳಿಯುತ್ತದೆ. ಒಂದು ತಡೆಗೂ ಇನ್ನೊಂದಕ್ಕೂ ನಡುವೆ ಕೂದಲೆಳೆಯಷ್ಟು ಸಡಿಲು ಸಿಗುತ್ತದಲ್ಲ, ಬೇರಿಂಗ್ ಹೇಗಿದೆ ಎಂದು ಅಲ್ಲಿ ಕಂಡುಕೊಳ್ಳಬೇಕು. ನಾನು ಮೂರು ಸಲ ತಿರುಗಿಸಿದೆ. ಬೆಣ್ಣೆಯ ಹಾಗಿತ್ತು. ಅಂಥ ಮೋಟಾರು ನನ್ನ ಕೈಗೆ ಬಂದದ್ದೇ ಕಡಿಮೆ. ತಂತಿಯ ಸುತ್ತೂ ಎಷ್ಟು ಒತ್ತಾಗಿ ಕೂತಿತ್ತೆಂದರೆ ಸುತ್ತಿದವರ ಕೈ ಮುಟ್ಟಿ ನಮಸ್ಕಾರ ಮಾಡಬೇಕು ಅನಿಸಿತು.

"ಹ್ಯಾಂಗೈತಿ?" ಎಂದರು ಯಜಮಾನರು. ದನಿಯಲ್ಲಿ ಆಸೆ ತುಂಬಿ ತುಳುಕುತ್ತಿತ್ತು. ಆ ಆಸೆ ಮೋಟಾರಿನ ಮೇಲಿನದು, ಆದರೆ ನನ್ನ ಕಿವಿಗೆ ಅದು ಮೇಡಂ ಮೇಲಿನದಾಗಿ ಕೇಳಿಸಿತು.

"ಬೇರಿಂಗನ್ಯಾಗ ಹರಳ ಐತ್ರಿ" ಎಂದೆ.

ಹೇಗೆ ಅಂದೆನೋ. ನಾಲಿಗೆ ತಾನಾಗಿ ಹೊರಳಿತು ಎಂದರೆ ಸುಳ್ಳಾಗುತ್ತದೆ. ನಾನೇ ಹೊರಳಿಸಿದೆ. ಅವರು ಮುಖ ಸಣ್ಣ ಮಾಡಿಕೊಂಡರು. ಆದರೆ ಒಂದು ಮಾತು ತಿರುಗಿ ಕೇಳಲಿಲ್ಲ. ಇನ್ನೊಮ್ಮೆ ನೋಡು ಎನ್ನಲಿಲ್ಲ, ಹೊಸದರಲ್ಲಿ ಹರಳು ಎಲ್ಲಿಂದ ಬಂತು ಎನ್ನಲಿಲ್ಲ. ಡಬ್ಬಿಗೆ ಹಾಕಿ, ಮರುದಿನ ನರಗುಂದದ ಬಸ್ಸು ಹತ್ತಿ ವಾಪಸು ಕೊಟ್ಟು ಬಂದರು. "ಮೇಡಂ ಏನಂದ್ರು?" ಎಂದು ಕೇಳಿದೆ. "ಅವರಿಗೆ ಗೊತ್ತಾಗಿರಲಿಲ್ಲಂತ. ನಾ ಹೇಳಿದೆ, ನಮ್ಮಾಕಿ ಬೆರಳ ತಪ್ಪೂದಿಲ್ಲರಿ ಅಂತ" ಎಂದರು.

ಒಂದು ವಾರ ನಾನು ನೆಲಕ್ಕೆ ಕಾಲಿಡಲಿಲ್ಲ. ಮೇಡಂ ಹೇಳ್ಯಾರ ಎಂಬ ಜಪ ನಿಂತುಹೋಯಿತು. ನನ್ನ ನಿಧಾನದ ಮೋಟಾರನ್ನೇ ತರಿಸೋಣ ಎನ್ನುವ ಮಾತೂ ಬಂತು. ಅದು ಗುಡ್ಡದ ಗಾಳಿಗೆ ಸಾಲುವುದಿಲ್ಲ ಎಂದು ಗೊತ್ತಿದ್ದೂ ನಾನು ಹೂಂ ಎಂದೆ. ಅಂಗಡಿಗೆ ಬಂದ ರಾಜೂರಿನ ರೈತರೊಬ್ಬರು "ಏನ್ರಿ ಅಕ್ಕಾರ, ಇವತ್ತ ಭಾಳ ಖುಷಿಯೊಳಗ ಅದೀರಿ" ಎಂದರು. ಖುಷಿಯೇ. ಕದ್ದು ತಿಂದ ಬೆಲ್ಲ ಸಿಹಿಯಾಗಿರುವುದಿಲ್ಲ ಎಂದು ಯಾರು ಹೇಳಿದ್ದು?

ಮುಂದಿನ ರವಿವಾರ ಮೇಡಂ ಅದೇ ಮೋಟಾರು ಹಿಡಿದುಕೊಂಡು ಮತ್ತೆ ಮನೆಗೆ ಬಂದರು. ಗುರುವಾರ ಹುಬ್ಬಳ್ಳಿಗೆ ಹೋಗಿ ಆ ಅಳತೆಯ ಬೇರಿಂಗು ಹುಡುಕಿ ತಂದು, ಮೋಟಾರು ಬಿಚ್ಚಿ, ಅದರ ಎರಡೂ ಬೇರಿಂಗು ಬದಲಿ ಮಾಡಿದ್ದರು. ಪಡಸಾಲೆಯಲ್ಲಿ ಕೂತು ಚಹಾ ಕುಡಿದ ಮೇಲೆ ಚೀಲದಿಂದ ಕಾಗದದ ಸಣ್ಣ ಪೊಟ್ಟಣ ತೆಗೆದು ನನ್ನ ಮುಂದೆ ಬಿಚ್ಚಿದರು. ಒಳಗೆ ಎರಡು ಬೇರಿಂಗು, ಮೋಟಾರಿನಿಂದ ತೆಗೆದ ಹಳೆಯವು.

"ಅಕ್ಕಾರ, ಎರಡ ದಿನ ತಿರುಗಿಸಿ ತಿರುಗಿಸಿ ನೋಡೀನಿ. ನನಗ ಎರಡೂ ಒಂದ ಥರಾ ಅನಸತಾವ. ಯಾವುದರಾಗ ಹರಳ ಐತಿ, ತೋರಸ್ರಿ. ಪುಸ್ತಕದಾಗ ಇದನ್ನ ಯಾರೂ ಕಲಸೂದಿಲ್ಲ. ನಾ ನಿಮ್ಮ ಕಡೆ ಕಲೀಬೇಕು" ಎಂದರು.

ಯಜಮಾನರು ಎದ್ದು ಹೋಗಿ ಫ್ಯಾನು ಬಂದ್ ಮಾಡಿದರು.

ನಾನು ಒಂದನ್ನು ಎತ್ತಿ ಬೆರಳಿಗೆ ಸಿಗಿಸಿ ತಿರುಗಿಸಿದೆ. ಇನ್ನೊಂದನ್ನು ತಿರುಗಿಸಿದೆ. ಎರಡೂ ನೀರು ಹರಿದ ಹಾಗೆ ಹರಿದವು. ಬೇರೇನೂ ತೋಚದೆ ಎಡಗಡೆಯದನ್ನು ಮುಂದೆ ಸರಿಸಿ "ಇದು" ಎಂದೆ. ಮೇಡಂ ಅದನ್ನು ಎತ್ತಿಕೊಂಡು, ನನ್ನ ಹಾಗೆಯೇ ಕಣ್ಣು ಮುಚ್ಚಿ, ಹೆಬ್ಬೆರಳು ಉಂಗುರಬೆರಳಿನ ನಡುವೆ ಹಿಡಿದು ತಿರುಗಿಸುತ್ತಾ ಕೂತರು. ಪಾಪ, ಹುಬ್ಬು ಗಂಟಿಕ್ಕಿತ್ತು. ತುಂಬ ಹೊತ್ತಿನ ಮೇಲೆ ಮುಖ ಅರಳಿತು.

"ಹಾಂ! ಈಗ ಗೊತ್ತಾತ್ರಿ. ಸಣ್ಣಂಗ ಕುಟುಕತೈತಿ ನೋಡ್ರಿ."

ಯಜಮಾನರೂ ಕೈಚಾಚಿ ಇಸಿದುಕೊಂಡು ತಿರುಗಿಸಿದರು. "ಹೌದಲಾ" ಎಂದು ತಲೆಯಾಡಿಸಿದರು.

ಆಗ ನನಗೆ ಅಳು ಬಂದಂತಾಯಿತು. ಆಕೆಯ ಮೇಲಿನ ಕಿಚ್ಚೆಲ್ಲ ಎಲ್ಲಿ ಹೋಯಿತೋ. ಕಲಿಯಲೆಂದು ನರಗುಂದದಿಂದ ಬಂದವಳಿಗೆ ಇಲ್ಲದ್ದನ್ನು ಇದೆ ಎಂದು ಕಲಿಸಿಬಿಟ್ಟಿದ್ದೆ. ನಾಳೆ ಆಕೆ ಅದನ್ನೇ ತನ್ನ ಕಾಲೇಜಿನಲ್ಲಿ ಇನ್ನೊಬ್ಬರಿಗೆ ಕಲಿಸುತ್ತಾಳೆ. ನಮ್ಮ ತಂದೆ ನನ್ನ ಬೆರಳು ಹಿಡಿದು ಶಾಫ್ಟಿನ ಮೇಲೆ ಇಟ್ಟು ಕಲಿಸಿದ್ದು ಇದಕ್ಕಲ್ಲ.

"ಎರಡೂ ಚಲೋ ಅದಾವ್ರಿ. ಮೊದಲಿಂದನೂ ಚಲೋನ ಇದ್ದವು. ನಾನ ಸುಳ್ಳ ಹೇಳಿದೆ" ಎಂದೆ.

ಇಬ್ಬರೂ ನನ್ನನ್ನೇ ನೋಡಿದರು. "ಯಾಕ್ರಿ ಅಕ್ಕಾರ?" ಎಂದರು ಮೇಡಂ, ಮೆಲ್ಲಗೆ.

"ಹೊಟ್ಟಿಕಿಚ್ಚರಿ. ಇವರು ಮೋಟಾರಿನ ಮಾತು ನಿಮ್ಮನ್ನ ಕೇಳಿದ್ರಲಾ, ಅದಕ್ಕ."

ಆಕೆ ಬೇರಿಂಗನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. "ಹಂಗಾರ ಎರಡ ದಿನ ನನ್ನ ಬೆರಳ ಖರೇನ ಹೇಳಿತ್ತು" ಎಂದರು. ಆಮೇಲೆ ಪೊಟ್ಟಣ ಮಡಚಿ ಚೀಲದಲ್ಲಿಟ್ಟುಕೊಂಡು, "ರೊಟ್ಟಿ ಮಾಡತೀರೇನ್ರಿ? ಹಸಿವಿ ಆಗೇತಿ, ಉಂಡ ಹೊಕ್ಕೀನಿ" ಎಂದರು. ಆಕೆ ನಾಲ್ಕು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಅದರಲ್ಲೂ ಆಕೆಯೇ ದೊಡ್ಡವಳಾದಳಲ್ಲ ಎಂದು, ರೊಟ್ಟಿ ಬಡಿಯುತ್ತಾ ನನಗೆ ಮತ್ತೆ ಸಣ್ಣಗೆ ಕಿಚ್ಚು ಹತ್ತಿತು.

ಯಜಮಾನರು ಸಿಟ್ಟು ಮಾಡಲಿಲ್ಲ, ಮುಂದೆಯೂ ಆ ವಿಷಯ ಎತ್ತಲಿಲ್ಲ. ಮೇಡಂ ಆರಿಸಿದ ಮೋಟಾರನ್ನೇ ನಾವು ಮೂವರೂ ಕೂತು ಹೆಲಿಕಾಪ್ಟರಿಗೆ ಕೂಡಿಸಿದೆವು. ಗಜೇಂದ್ರಗಡದ ಗುಡ್ಡದ ಮೇಲೆ, ಗಾಳಿಯಂತ್ರಗಳು ಗರಗರ ತಿರುಗುವಷ್ಟು ಗಾಳಿಯಲ್ಲಿ, ಅದು ಮೊಳೆ ಹೊಡೆದು ನಿಲ್ಲಿಸಿದ ಹಾಗೆ ಅಲುಗದೆ ನಿಂತಿತು. ಈಗ ಮೇಡಂ ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬರುತ್ತಾರೆ, ಕೆಟ್ಟ ಬೇರಿಂಗು ಒಳ್ಳೆಯ ಬೇರಿಂಗು ಮುಂದಿಟ್ಟುಕೊಂಡು ಕಲಿಯುತ್ತಾರೆ. ಬೇಗ ಕಲಿಯುತ್ತಾರೆ, ಅದಕ್ಕೂ ನನಗೆ ಹೊಟ್ಟೆಯುರಿಯುತ್ತದೆ.

ಮೊನ್ನೆ ಯಜಮಾನರು ಡಿಪೋದ ಯಾರದೋ ಮನೆಯ ಕೂಲರಿನ ಮೋಟಾರು ತಂದರು. ಮೇಜಿನ ಮೇಲೆ ಇಟ್ಟರು. ಎಂದಿನಂತೆ ಎದ್ದು ಹೋಗಿ ಫ್ಯಾನು ಬಂದ್ ಮಾಡಿದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಅವರು ತಾವೇ ಕಣ್ಣು ಮುಚ್ಚಿ, ಶಾಫ್ಟು ಹಿಡಿದು, ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಆಮೇಲೆ ನನ್ನ ಕೈಗೆ ಕೊಟ್ಟರು.